ಕಾರವಾರದ ಹವೆಗೆ ಯಾವ ಟ್ಯೂಬ್ ಗಡಿಯಾರ: ನಿಕ್ಸಿಯೋ, ವಿಎಫ್‌ಡಿಯೋ?

ಐಎನ್-12 ನಿಕ್ಸಿ ಟ್ಯೂಬ್ ನಾಲ್ಕು ಹಾಕಿ ಒಂದು ಗಡಿಯಾರ ಮಾಡಿದೆ, ಐವಿ-18 ವಿಎಫ್‌ಡಿ (ವ್ಯಾಕ್ಯೂಮ್ ಫ್ಲೋರೊಸೆಂಟ್ ಡಿಸ್‌ಪ್ಲೇ) ಟ್ಯೂಬ್ ಒಂದೇ ಹಾಕಿ ಇನ್ನೊಂದು. ಎರಡೂ ಅಂಕಿ ಬೆಳಗಿಸಿ ತೋರಿಸುವ ಗಾಜಿನ ಟ್ಯೂಬುಗಳು, ಸೋವಿಯತ್ ಕಾಲದ ಸರಕು. ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ ಕೂಡ್ರಿಸಿ, ಕಾರವಾರದ ನಮ್ಮ ಮನೆಯ ಜಗುಲಿಯಲ್ಲಿ ಮಳೆಗಾಲ ದಾಟಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೋಟಕ್ಕೆ ನಿಕ್ಸಿಗೆ ಸಾಟಿಯಿಲ್ಲ. ತೆಳು ಲೋಹದ ಹತ್ತು ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಯಾವುದಕ್ಕೆ ಕರೆಂಟ್ ಹರಿಯುತ್ತದೋ ಅದರ ಸುತ್ತಲಿನ ನಿಯಾನ್ ಕೆಂಡದಂತೆ ಬೆಳಗುತ್ತದೆ. ಐಎನ್-12ರ 5 ಎಂದರೆ ತಲೆಕೆಳಗಾದ 2, ಅದೂ ನನಗೆ ಇಷ್ಟ. ಐವಿ-18ರಲ್ಲಿ ಬಿಸಿ ತಂತಿಯಿಂದ ಹೊರಟ ಎಲೆಕ್ಟ್ರಾನ್‌ಗಳು ಫಾಸ್ಫರ್ (ಎಲೆಕ್ಟ್ರಾನ್ ಬಡಿದರೆ ಹೊಳೆಯುವ ಪುಡಿ) ಬಳಿದ ಪಟ್ಟಿಗಳಿಗೆ ಬಡಿದು ನೀಲಿ-ಹಸಿರು ಅಂಕಿ ಮೂಡುತ್ತದೆ. ಎಂಟು ಅಂಕಿ ಇರುವುದರಿಂದ ಸೆಕೆಂಡೂ ಸಿಗುತ್ತದೆ. ಆಯಿಗೆ ಕನ್ನಡಕವಿಲ್ಲದೆ ಓದಲು ಬರುವುದು ಇದೇ.

ಕರಾವಳಿಯಲ್ಲಿ ವ್ಯತ್ಯಾಸ ಕಾಣುವುದು ವೋಲ್ಟೇಜಿನಲ್ಲಿ. ನಿಕ್ಸಿ ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು. ಆಷಾಢದ ಗಾಳಿಯಲ್ಲಿ ತೇವವೂ ಉಪ್ಪೂ ಇರುತ್ತದೆ. ಬೋರ್ಡ್ ಮೇಲೆ ಬೆಸುಗೆಗೆ ಹಚ್ಚಿದ ಫ್ಲಕ್ಸ್ ಉಳಿದಿದ್ದರೆ ಅದು ತೇವ ಹೀರಿ ಕರೆಂಟ್ ಸೋರಿಸುತ್ತದೆ, ಬೇಡದ ಅಂಕಿಯೂ ಮಂದವಾಗಿ ಹೊಳೆಯುತ್ತದೆ. ಸ್ಪಿರಿಟ್‌ನಿಂದ ಚೆನ್ನಾಗಿ ತೊಳೆದು ತೇವ ತಡೆಯುವ ಲ್ಯಾಕರ್ ಹೊಡೆಯುವುದು ಇಲ್ಲಿ ಕಡ್ಡಾಯ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನ ಚಾರ್ಜ್ ಇಳಿಯುವ ತನಕ ಒಳಗೆ ಕೈ ಹಾಕಬಾರದು. ಐವಿ-18ಕ್ಕೆ 50 ವೋಲ್ಟ್‌ಗಿಂತ ಹೆಚ್ಚು ಬೇಕಿಲ್ಲ, ತಂತಿ ಕಾಯಿಸಲು 5 ವೋಲ್ಟ್.

ಜೋಡಣೆಯಲ್ಲಿ ಮಾತ್ರ ನಿಕ್ಸಿಯೇ ಸಲೀಸು: ಸಾಕೆಟ್‌ಗೆ ಒತ್ತಿದರೆ ಮುಗಿಯಿತು, ನಡೆಸಲು ಕೆ155ಐಡಿ1 ಚಿಪ್. ಐವಿ-18ರ ಉದ್ದ ತಂತಿಕಾಲುಗಳನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಗಾಜು ಬಿರುಕು ಬಿಡುತ್ತದೆ. ಆದರೆ ಮ್ಯಾಕ್ಸ್6921 ಚಿಪ್ ಒಂದೇ ಇಡೀ ಟ್ಯೂಬನ್ನು ನಡೆಸುತ್ತದೆ.

ಸಮಯದ ವಿಷಯದಲ್ಲಿ ಎರಡೂ ಸಮ. ಎರಡರಲ್ಲೂ ಸಮಯ ಲೆಕ್ಕವಿಡುವ ಡಿಎಸ್3231 ಚಿಪ್ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ತಪ್ಪೀತು, ಕರೆಂಟ್ ಹೋದರೂ ಬಟನ್ ಸೆಲ್ ಮೇಲೆ ನಡೆಯುತ್ತದೆ.

ಬಾಳಿಕೆಗೆ ಎರಡಕ್ಕೂ ಆರೈಕೆ ಬೇಕು. ನಿಕ್ಸಿಯಲ್ಲಿ ಗಂಟೆಯ ಮೊದಲ ಟ್ಯೂಬಿನಲ್ಲಿ 3ರಿಂದ 9ರವರೆಗಿನ ಅಂಕಿ ಹೊತ್ತುವುದೇ ಇಲ್ಲ. ಹೊತ್ತದ ಅಂಕಿಗೆ ಕ್ರಮೇಣ ಮಸಿ ಕೂಡುತ್ತದೆ. ಹಾಗಾಗಿ ದಿನಾ ರಾತ್ರಿ ಎಲ್ಲ ಅಂಕಿಗಳನ್ನೂ ಸ್ವಲ್ಪ ಹೊತ್ತು ಓಡಿಸುವ ಸಾಲನ್ನು ಕೋಡ್‌ನಲ್ಲಿ ಬರೆಯಬೇಕು. ವಿಎಫ್‌ಡಿಯ ಫಾಸ್ಫರ್ ಬೆಳಗಿದಷ್ಟೂ ಮಂಕಾಗುತ್ತದೆ, ಕತ್ತಲಲ್ಲಿ ಬೆಳಕು ತಗ್ಗಿಸಲು ಎಲ್‌ಡಿಆರ್ (ಬೆಳಕು ಗುರುತಿಸುವ ಬಿಡಿಭಾಗ) ಹಾಕಿ.

ಅಂಕೋಲಾ, ಕುಮಟಾ, ಹೊನ್ನಾವರದವರು ಮೊದಲ ಗಡಿಯಾರಕ್ಕೆ ಐವಿ-18 ಹಿಡಿಯಿರಿ. ಶಿರಸಿಯಲ್ಲಿ ಮಳೆ ಉಂಟು, ಸಮುದ್ರದ ಉಪ್ಪಿಲ್ಲ. ಅಲ್ಲಿಯವರು ಲ್ಯಾಕರ್ ಹೊಡೆದು ನಿಕ್ಸಿಯನ್ನೇ ಮಾಡಿ.