ರಾತ್ರಿ ಪಾಳಿಯ ಸಂಬಳದ ಲೆಕ್ಕ: ಮೂರು ಸೂತ್ರಗಳಲ್ಲಿ ನಾನು ಉಳಿಸಿಕೊಂಡದ್ದು

ಪೀಣ್ಯದ ಸಣ್ಣ ಲೇತ್ ಘಟಕವೊಂದರಲ್ಲಿ 14 ಕೆಲಸಗಾರರ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುವ ನಾನು, ಕಳೆದ ವರ್ಷ 1,200 ರೂಪಾಯಿ ಕೊಟ್ಟು ಸಿದ್ಧ ಎಕ್ಸೆಲ್ ಹಾಳೆಯೊಂದನ್ನು ಕೊಂಡಿದ್ದೆ. ಆ ಹಣ ವ್ಯರ್ಥವಾಯಿತು. ಈಗ ಭಾಗಿಸಿ ಉಳಿದ ಶೇಷ ಕೊಡುವ ಮಾಡ್ (MOD) ಸೂತ್ರ ಹಾಕಿ ನಾನೇ ಮಾಡಿಕೊಂಡ ಹಾಳೆ ನಡೆಯುತ್ತಿದೆ. ಷರತ್ತು ಹಾಕುವ ಇಫ್ (IF) ಸೂತ್ರವನ್ನೂ, ತಾರೀಖು ಸಹಿತ ಸಮಯ ತುಂಬುವ ಪದ್ಧತಿಯನ್ನೂ ಒಂದೊಂದು ತಿಂಗಳು ಬಳಸಿ ನೋಡಿದ ಮೇಲೆಯೇ ಇದನ್ನು ಉಳಿಸಿಕೊಂಡೆ.

ಕೊಂಡ ಹಾಳೆಯಲ್ಲಿ ಹೋದ ಸಮಯದಿಂದ ಬಂದ ಸಮಯವನ್ನು ನೇರವಾಗಿ ಕಳೆದಿದ್ದರು. ಹಗಲು ಪಾಳಿಗೆ ಅದು ಸರಿ. ರಾತ್ರಿ 22:00ಕ್ಕೆ ಬಂದು ಬೆಳಿಗ್ಗೆ 6:00ಕ್ಕೆ ಹೋದವರಿಗೆ ಮಾತ್ರ ಎಂಟು ಗಂಟೆಯ ಬದಲು ಮೈನಸ್ ಹದಿನಾರು ಗಂಟೆ ಬರುತ್ತದೆ, ಅಂದರೆ ಒಂದು ರಾತ್ರಿಗೆ 24 ಗಂಟೆ ಖೋತಾ. ಮೈನಸ್ ಸಮಯ ಬಂದ ಕೋಶದಲ್ಲಿ ಎಕ್ಸೆಲ್ ಸಾಮಾನ್ಯವಾಗಿ ಹ್ಯಾಶ್ ಗುರುತುಗಳನ್ನು ತುಂಬಿಸಿ ಎಚ್ಚರಿಸುತ್ತದೆ, ಆದರೆ ಈ ಹಾಳೆಯಲ್ಲಿ ದಿನದ ಗಂಟೆಗಳ ಕಾಲಂ ಅನ್ನೇ ಮರೆಮಾಡಿದ್ದರಿಂದ ಕೆಳಗಿನ ಒಟ್ಟು ಮಾತ್ರ ಕಾಣುತ್ತಿತ್ತು. ಎರಡು ರಾತ್ರಿ ಸೇರಿ 26 ಪಾಳಿ ಮಾಡಿದ ಹಿರಿಯ ಟರ್ನರ್ ಒಬ್ಬರಿಗೆ 208 ಗಂಟೆಯ ಬದಲು 160 ಗಂಟೆ ಬಂದಿತ್ತು. ಗಂಟೆಗೆ 100 ರೂಪಾಯಿಯಂತೆ 4,800 ರೂಪಾಯಿ ಕಡಿಮೆ. ಪೆನ್ಸಿಲ್ ಗೀಟುಗಳಿದ್ದ ಕ್ಯಾಲೆಂಡರ್ ಹಾಳೆಯನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, “ಮೇಡಂ, ನನ್ನ ಆರು ದಿನ ಎಲ್ಲಿ ಹೋಯ್ತು?” ಎಂದು ಅವರು ಕೇಳಿದರು. ಮರೆಯಾಗಿದ್ದ ಕಾಲಂ ತೆರೆದಾಗ ತಪ್ಪು ಕಂಡಿತು. ಅಂದು ಸಂಜೆಯೇ ಬಾಕಿ ಕೊಡಿಸಿದೆ.

ಸ್ಪ್ರೆಡ್‌ಶೀಟಿಗೆ ಒಂದು ದಿನವೆಂದರೆ 1. ಹೋದ ಸಮಯ ಬಂದ ಸಮಯಕ್ಕಿಂತ ಚಿಕ್ಕದಾದರೆ ಒಂದು ಕೂಡಿಸು ಎಂಬುದು ಇಫ್ ಸೂತ್ರ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಅದೇ ಕೋಶಗಳ ಹೆಸರು ಮತ್ತೆ ಮತ್ತೆ ಬರುವುದರಿಂದ ತಿದ್ದುವಾಗ ಒಂದನ್ನು ಬಿಟ್ಟು ನಾನು ಎಡವಿದ್ದೇನೆ. ಮಾಡ್ ಸೂತ್ರದಲ್ಲಿ ವ್ಯತ್ಯಾಸವನ್ನು ಒಂದರಿಂದ ಭಾಗಿಸಿ ಶೇಷ ತೆಗೆದರೆ ಮುಗಿಯಿತು. ಹಗಲು, ರಾತ್ರಿ ಎರಡಕ್ಕೂ ಒಂದೇ ಸಾಲು. ತಾರೀಖಿನ ಪದ್ಧತಿ ಎಲ್ಲಕ್ಕಿಂತ ಭದ್ರ, ಆದರೆ 14 ಜನರಿಗೆ ತಿಂಗಳಿಗೆ 728 ತಾರೀಖು ತುಂಬುವ ಪುರುಸೊತ್ತು ನನಗಿಲ್ಲ.

ಮಾಡ್‌ಗೂ ಒಂದು ದೋಷವಿದೆ. ಬೆಳಿಗ್ಗೆ 6:00ಕ್ಕೆ ಬಂದವರ ಹೋದ ಸಮಯವನ್ನು 15:00ರ ಬದಲು 5:00 ಎಂದು ಒತ್ತಿದರೆ ಸದ್ದಿಲ್ಲದೆ 23 ಗಂಟೆ ತೋರಿಸುತ್ತದೆ. ಆದ್ದರಿಂದ 12 ಗಂಟೆ ಮೀರಿದ ಕೋಶ ಕೆಂಪಾಗುವಂತೆ ಮಾಡಿದ್ದೇನೆ.

ಮೂರರಲ್ಲೂ ಉತ್ತರ ದಿನದ ಲೆಕ್ಕದಲ್ಲಿ ಬರುವುದರಿಂದ ಅದನ್ನು 24ರಿಂದ ಗುಣಿಸಿಯೇ ದರ ಹಾಕಬೇಕು; ಮರೆತರೆ 208 ಗಂಟೆಗೆ 20,800ರ ಬದಲು 867 ರೂಪಾಯಿ ಬರುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ್ದಕ್ಕೆ ದುಪ್ಪಟ್ಟು ದರವೆಂದು, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಪ್ರಕರಣದಲ್ಲಿದ್ದ ಲೆಕ್ಕವನ್ನೇ ನಾವು ಓಟಿಗೆ (ಹೆಚ್ಚುವರಿ ಗಂಟೆಗಳ ಕೆಲಸಕ್ಕೆ) ಇಟ್ಟುಕೊಂಡಿದ್ದೆವು. ಗಂಟೆಗಳನ್ನು ಎರಡು ದಶಮಾಂಶಕ್ಕೆ ಸರಿಪಡಿಸಿ 9 ಕಳೆಯುತ್ತೇನೆ, ಉತ್ತರ ಸೊನ್ನೆಗಿಂತ ಕೆಳಗಿಳಿಯದಂತೆ ಎರಡರಲ್ಲಿ ದೊಡ್ಡದನ್ನು ಆರಿಸುವ ಮ್ಯಾಕ್ಸ್ (MAX) ಸೂತ್ರ ಹಾಕುತ್ತೇನೆ. ವಾರದ ಮಿತಿಗೆ ಬೇರೆ ಕಾಲಂ ಇದೆ. ದಿನದ ಓಟಿಯನ್ನು ಅಲ್ಲಿ ಮತ್ತೊಮ್ಮೆ ಎಣಿಸುವುದಿಲ್ಲ.

ನಮ್ಮಲ್ಲಿ ಯಾವ ಪಾಳಿಯೂ 24 ಗಂಟೆ ಮುಟ್ಟುವುದಿಲ್ಲ, ಹಾಳೆಗೆಂದು ಮತ್ತೆ ಖರ್ಚು ಮಾಡುವ ಸ್ಥಿತಿಯೂ ಇಲ್ಲ. ಹಾಗಾಗಿ ನನಗೆ ಮಾಡ್ ಸಾಕು. ಎರಡು ದಿನ ಸತತವಾಗಿ ಕಾವಲಿರುವವರ ಲೆಕ್ಕ ಬರೆಯುವವರು ತಾರೀಖಿನ ಪದ್ಧತಿಯನ್ನೇ ಹಿಡಿಯಲಿ. ದಿನದ ಗಂಟೆಗಳ ಕಾಲಂ ಅನ್ನು ಮಾತ್ರ ಯಾರೂ ಮರೆಮಾಡಬಾರದು. ನಾನು ಈಗ ಅದನ್ನು ಮುದ್ರಿಸಿ ಸಂಬಳದ ಚೀಟಿಯ ಜೊತೆಗೇ ಕೊಡುತ್ತೇನೆ, ಆ ಟರ್ನರ್ ತಮ್ಮ ಪೆನ್ಸಿಲ್ ಗೀಟುಗಳ ಜೊತೆ ಅದನ್ನು ತಾಳೆ ನೋಡಿಯೇ ಸಹಿ ಹಾಕುತ್ತಾರೆ.