ಒಂದೇ ಸೈಕಲ್, ಮೂರು ಬಗೆ ಟೈರ್: ಕಾಡಿನ ಏರಿನಿಂದ ಹೊಳೆಯ ದಂಡೆವರೆಗೆ

ಗ್ರಾವೆಲ್ ಬೈಕ್, ಅಂದರೆ ಜಲ್ಲಿ, ಮಣ್ಣಿನ ದಾರಿಗೆ ಮಾಡಿದ ಸೈಕಲ್, ತಗೊಂಡವರು ಮೊದಲು ಮಾತಾಡುವುದು ಗೇರ್ ಬಗ್ಗೆ, ಆಮೇಲೆ ಫ್ರೇಮ್ ಬಗ್ಗೆ. ಟೈರ್ ಮಾತ್ರ ಸೈಕಲ್ ಜೊತೆ ಬಂದದ್ದೇ ಸವೆಯುವವರೆಗೂ ಇರುತ್ತದೆ. ನಾನೂ ಹಾಗೇ ಎರಡು ವರ್ಷ ಓಡಿಸಿದೆ. ಆದರೆ ನೆಲಕ್ಕೆ ತಾಗುವುದು ಟೈರ್ ಒಂದೇ ಅಲ್ವಾ? ಅದನ್ನು ಬದಲಿಸಿದರೆ ಸೈಕಲ್ಲೇ ಬೇರೆ ಆದ ಹಾಗೆ ಆಗುತ್ತದೆ. ಇದು ಓದಿ ತಿಳಿದದ್ದಲ್ಲ, ಹಾಕಿ ನೋಡಿದ ಮೇಲೆ ಗೊತ್ತಾದದ್ದು.

ಒಂದು ವರ್ಷದಲ್ಲಿ ಮೂರು ಜೊತೆ ಟೈರ್ ಹಾಕಿ, ಒಂದೇ ದಾರಿಯಲ್ಲಿ, ಒಂದೊಂದನ್ನೂ ನಾಲ್ಕು ಸಲ ಓಡಿಸಿದೆ. ದಾರಿ ಒಟ್ಟು 64 ಕಿ.ಮೀ. ಮೊದಲ 22 ಕಿ.ಮೀ. ಸಂರಕ್ಷಿತ ಕಾಡಿನೊಳಗೆ ಹತ್ತುತ್ತಾ ಹೋಗುವ ಜಲ್ಲಿ ರಸ್ತೆ. ಕಾಡು ಕಾಯುವವರ ಗಾಡಿಗಳಿಗೆ ಮಾಡಿದ್ದು, ಸೈಕಲ್‌ಗೂ ಬಿಡುತ್ತಾರೆ. ಆಮೇಲೆ 14 ಕಿ.ಮೀ. ಇಳಿಜಾರು. ಅಲ್ಲಿ ಬೇರು, ಬಿಡಿ ಕಲ್ಲು, ಮಳೆನೀರು ಕೊರೆದ ಕಾಲುವೆ, ಎಲ್ಲಾ ಇವೆ. ಉಳಿದ 28 ಕಿ.ಮೀ. ಕಣಿವೆಯಲ್ಲಿ ಹೊಳೆ ಪಕ್ಕದ ಗಟ್ಟಿ ಮಣ್ಣಿನ ದಾರಿ. ನನ್ನ ತೂಕ 70 ಕಿಲೋ, ಸೈಕಲ್ ಮತ್ತು ಬ್ಯಾಗ್ ಸೇರಿ ಇನ್ನೊಂದು 14 ಕಿಲೋ. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಬರುವ ಗಾಳಿಯ ಲೆಕ್ಕ ಎಲ್ಲಾ ಈ ತೂಕಕ್ಕೆ.

ಹಾಕಿದ ಟೈರ್‌ಗಳು ಇವು: 700ಸಿ ಎಂಬ ಅಳತೆಯ ದೊಡ್ಡ ಚಕ್ರಕ್ಕೆ 40 ಮಿ.ಮೀ. ಅಗಲದ್ದು, ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಬಟನ್, ಅಂದರೆ ನೆಲ ಕಚ್ಚುವ ರಬ್ಬರ್ ಉಬ್ಬು. 650ಬಿ ಎಂಬ ಸ್ವಲ್ಪ ಚಿಕ್ಕ ಚಕ್ರಕ್ಕೆ 47 ಮಿ.ಮೀ.ನದ್ದು, ಹೆಚ್ಚುಕಮ್ಮಿ ಅದೇ ತರಹದ ಮೇಲ್ಮೈ. ಮತ್ತೆ 700ಸಿಗೇ 50 ಮಿ.ಮೀ.ನ ಪೂರ್ತಿ ಬಟನ್ ಟೈರ್. ಮೂರೂ ಟ್ಯೂಬ್‌ಲೆಸ್, ಒಳಗೆ ಟ್ಯೂಬ್ ಬದಲು ಸಣ್ಣ ತೂತು ಮುಚ್ಚುವ ಸೀಲೆಂಟ್ ಎಂಬ ದ್ರವ ಇರುತ್ತದೆ.

ಗಾಳಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅದು ಸರಿಯಿಲ್ಲದಿದ್ದರೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ. ಶುರುವಿನಲ್ಲಿ ನಾನು 40 ಮಿ.ಮೀ. ಟೈರಿಗೆ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತಿದ್ದೆ. ಗಟ್ಟಿ ಇದ್ದಷ್ಟೂ ಜೋರಾಗಿ ಓಡುತ್ತದೆ ಎನ್ನುವ ನಂಬಿಕೆ. ನುಣುಪಾದ ಡಾಂಬರಿನಲ್ಲಿ ಆ ಮಾತು ಸ್ವಲ್ಪ ಮಟ್ಟಿಗೆ ನಿಜ. ಜಲ್ಲಿಯಲ್ಲಿ ಹಾಗಲ್ಲ. ಟೈರ್ ಗಟ್ಟಿಯಾಗಿದ್ದರೆ ಒಂದೊಂದು ಕಲ್ಲಿಗೂ ಇಡೀ ಸೈಕಲ್, ಮೇಲೆ ಕೂತ ಮನುಷ್ಯ ಸಮೇತ ಎದ್ದು ಬೀಳಬೇಕು. ಕಾಲಿನ ಶಕ್ತಿ ಆ ಕುಲುಕಾಟಕ್ಕೇ ಹೋಗುತ್ತದೆ. ಗಾಳಿ ಕಮ್ಮಿ ಮಾಡಿದರೆ ಕಲ್ಲನ್ನು ಟೈರೇ ನುಂಗಿಕೊಳ್ಳುತ್ತದೆ. 35 ಪಿಎಸ್‌ಐಗೆ, ಅಂದರೆ ಸುಮಾರು 2.4 ಬಾರ್‌ಗೆ ಇಳಿಸಿದ ದಿನ ಅದೇ ಏರಿನಲ್ಲಿ ಹಿಂದಿನ ಚಕ್ರ ಜಾರುವುದು ಅರ್ಧಕ್ಕರ್ಧ ನಿಂತಿತು. ಕೊನೆಗೆ ನನಗೆ ಒಪ್ಪಿದ್ದು 40ಕ್ಕೆ 35, 47ಕ್ಕೆ 28, 50ಕ್ಕೆ 25 ಪಿಎಸ್‌ಐ. ಮುಂದಿನ ಚಕ್ರಕ್ಕೆ ಎರಡು ಪಿಎಸ್‌ಐ ಕಮ್ಮಿ, ಭಾರ ಹಿಂದೆ ಜಾಸ್ತಿ ಇರುತ್ತದಲ್ಲ. ಬೆರಳಲ್ಲಿ ಒತ್ತಿ ನೋಡಿ ಅಂದಾಜು ಮಾಡಬೇಡಿ. ಸಣ್ಣ ಗೇಜ್ ಒಂದು ಬ್ಯಾಗಿನಲ್ಲಿರಲಿ.

40 ಮಿ.ಮೀ. ಟೈರ್ ಹೊಳೆ ದಂಡೆಯ ರಾಜ. ಆ 28 ಕಿ.ಮೀ.ಯನ್ನು ಅದು 1 ಗಂಟೆ 8 ನಿಮಿಷದಲ್ಲಿ ಮುಗಿಸಿತು. ಚಕ್ರದ ಸದ್ದೇ ಇರುವುದಿಲ್ಲ, ನೀರಿನ ಸದ್ದು ಕೇಳುತ್ತದೆ. ಏರಿನಲ್ಲಿ ಕೂತೇ ತುಳಿದರೆ ತೊಂದರೆ ಇಲ್ಲ, ಎದ್ದು ನಿಂತು ತುಳಿದರೆ ಬಿಡಿ ಜಲ್ಲಿಯಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಕಷ್ಟ ಇರುವುದು ಇಳಿಜಾರಿನಲ್ಲಿ. ಅಂಗೈ ಜೋಮು ಹಿಡಿಯುತ್ತದೆ, ಬ್ರೇಕ್ ಬಿಡಲು ಧೈರ್ಯ ಬರುವುದಿಲ್ಲ.

ಮೂರನೇ ಸಲ ಅಲ್ಲೇ ಟೈರ್ ಕೊಯ್ಯಿತು. ಚೂಪಾದ ಕಲ್ಲೊಂದು ಟೈರಿನ ಪಕ್ಕೆಗೆ ತಾಗಿ, ಬಿಳಿ ಸೀಲೆಂಟ್ ಹಾಲಿನ ಹಾಗೆ ಚಿಮ್ಮಿ ಕಾಲಿಗೆಲ್ಲಾ ಹಾರಿತು. ಕೊಯ್ದ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿದೆ, ಸೀಲೆಂಟ್ ಅಲ್ಲಿಗೆ ಹರಿದು ಕೂರಲಿ ಎಂದು. ಕೂರಲಿಲ್ಲ. ಪ್ಲಗ್ (ತೂತಿಗೆ ತುರುಕುವ ರಬ್ಬರ್ ಪಟ್ಟಿ) ತುರುಕಿದೆ, ಎರಡು ಸಲವೂ ಗಾಳಿ ತುಂಬುತ್ತಿದ್ದ ಹಾಗೆ ಹೊರಗೆ ಬಂತು. ನಡುವಿನ ದಪ್ಪ ರಬ್ಬರಿನಲ್ಲಿ ತೂತಾದರೆ ಪ್ಲಗ್ ಕಚ್ಚಿಕೊಳ್ಳುತ್ತದೆ, ತೆಳು ಪಕ್ಕೆಯಲ್ಲಿ ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಕೊನೆಗೆ ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ, ಹಳೇ ಟೈರಿನ ತುಂಡೊಂದನ್ನು ಒಳಗಿನಿಂದ ಕೊಯ್ದ ಜಾಗಕ್ಕೆ ಇಟ್ಟು, ಟ್ಯೂಬ್ ಹಾಕಿದೆ. ಹಾಕುವ ಮೊದಲು ಟೈರಿನ ಒಳಗೆ ಪೂರ್ತಿ ಒಂದು ಸುತ್ತು ಬೆರಳಾಡಿಸಿ, ನಿಧಾನವಾಗಿ. ನನಗೆ ನಾಲ್ಕು ಮುಳ್ಳು ಸಿಕ್ಕವು. ಎಂದೋ ಚುಚ್ಚಿ, ಸೀಲೆಂಟ್ ಮುಚ್ಚಿಬಿಟ್ಟು, ನನಗೆ ಗೊತ್ತೇ ಆಗದ ಮುಳ್ಳುಗಳು. ಅವನ್ನು ಕೀಳದೆ ಟ್ಯೂಬ್ ಹಾಕಿದ್ದರೆ ನೂರು ಮೀಟರ್ ಕೂಡ ಹೋಗುತ್ತಿರಲಿಲ್ಲ.

ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ, ಈಗ ಅನ್‌ಬೌಂಡ್ ಗ್ರಾವೆಲ್ ಎಂಬ ಹೆಸರಿನ 200 ಮೈಲಿಯ ರೇಸ್ ಇದೆಯಲ್ಲ, ಅದು ನಡೆಯುವುದು ಫ್ಲಿಂಟ್ ಹಿಲ್ಸ್‌ನಲ್ಲಿ. ಹೆಸರಲ್ಲೇ ಫ್ಲಿಂಟ್ ಇದೆ, ಚಕಮಕಿ ಕಲ್ಲು. ಅಲ್ಲಿಗೆ ಹೋಗುವವರು ಟೈರ್ ಆರಿಸುವಾಗ ಪಕ್ಕೆಯ ಗಟ್ಟಿತನವನ್ನು ಯಾಕೆ ಅಷ್ಟು ನೋಡುತ್ತಾರೆ ಎಂದು ಆ ದಿನ ನನಗೆ ಸರಿಯಾಗಿ ಅರ್ಥವಾಯಿತು.

ಇನ್ನು 650ಬಿ. ಇದಕ್ಕೆ ಬರೀ ಟೈರ್ ಸಾಲದು, ಬೇರೆ ಚಕ್ರಗಳೇ ಬೇಕು. ಟೈರ್ ಕೂರುವ ಜಾಗದಲ್ಲಿ 700ಸಿ ರಿಮ್ಮಿನ ಅಡ್ಡಳತೆ 622 ಮಿ.ಮೀ., 650ಬಿದು 584. ಡಿಸ್ಕ್ ಬ್ರೇಕ್ ಇದ್ದರೆ ಮಾತ್ರ ಇಂಥ ಅದಲುಬದಲು ಸುಲಭ. ಚಕ್ರ ಚಿಕ್ಕದಾದ ಜಾಗವನ್ನು ದಪ್ಪ ಟೈರ್ ತುಂಬಬೇಕು ಎನ್ನುವುದು ಇದರ ಲೆಕ್ಕ. ಆದರೆ ಪೂರ್ತಿ ತುಂಬುವುದಿಲ್ಲ. 40 ಮಿ.ಮೀ. ಹಾಕಿದ 700ಸಿ ಚಕ್ರದ ಹೊರ ಅಳತೆ ಸುಮಾರು 702 ಮಿ.ಮೀ., 47 ಹಾಕಿದ 650ಬಿ ಸುಮಾರು 678. ಅಂದರೆ ಬಾಟಮ್ ಬ್ರಾಕೆಟ್ (ಪೆಡಲ್ ಕೋಲುಗಳು ತಿರುಗುವ ಅಚ್ಚಿನ ಜಾಗ) 12 ಮಿ.ಮೀ. ಕೆಳಗೆ ಬರುತ್ತದೆ.

ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಗೇರ್ ಬದಲಿಸದೆಯೇ ಏರು ಮೂರು ಪರ್ಸೆಂಟ್ ಹಗುರಾಗುತ್ತದೆ. ಭಾರ ಕೆಳಗಿರುವುದರಿಂದ ತಿರುವಿನಲ್ಲಿ ಸೈಕಲ್ ಮೇಲಲ್ಲ, ಸೈಕಲ್ ಒಳಗೆ ಕೂತ ಹಾಗೆ ಅನಿಸುತ್ತದೆ. ಆದರೆ ಪೆಡಲ್ ನೆಲಕ್ಕೆ ಹತ್ತಿರ. ಇಳಿಜಾರಿನ ನಡುವೆ ದೊಡ್ಡ ಮರವೊಂದರ ಬೇರು ದಾರಿಗೆ ಅಡ್ಡ ಹಾದುಹೋಗುವ ಎಡ ತಿರುವಿದೆ. 40ರಲ್ಲಿ ತುಳಿಯುತ್ತಲೇ ದಾಟುತ್ತಿದ್ದೆ. 650ಬಿ ಹಾಕಿದ ಮೊದಲ ದಿನ ಎಡ ಪೆಡಲ್ ಆ ಬೇರಿಗೆ ಬಡಿದು ಹಿಂದಿನ ಚಕ್ರ ನೆಲ ಬಿಟ್ಟಿತು. ಬೀಳಲಿಲ್ಲ, ಆದರೆ ಎದೆ ಹೊಡೆದುಕೊಳ್ಳುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಚಕ್ರದ ಸುತ್ತಿನಿಂದ ದೂರ ಅಳೆಯುವ ಮೀಟರ್ ಇದ್ದರೆ ಅದರ ಅಳತೆಯನ್ನೂ ಬದಲಿಸಿ. ನಾನು ಮರೆತಿದ್ದರಿಂದ 64 ಕಿ.ಮೀ. ದಾರಿ 66 ಎಂದು ತೋರಿಸಿತು.

ಇಳಿಜಾರಿನಲ್ಲಿ 650ಬಿ 40ಕ್ಕಿಂತ ಐದು ನಿಮಿಷ ಬೇಗ. ಹೊಳೆ ದಂಡೆಯಲ್ಲಿ ಬರೀ ಎರಡು ನಿಮಿಷ ನಿಧಾನ. ಇಷ್ಟು ದಪ್ಪ ಟೈರ್ ಗಟ್ಟಿ ನೆಲದಲ್ಲಿ ಎಳೆದ ಹಾಗೆ ಆಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಅಗಲವಲ್ಲ, ಬಟನ್ ತಿನ್ನುತ್ತದೆ ವೇಗವನ್ನು.

50ರ ಬಟನ್ ಟೈರಿನಲ್ಲಿ ಅದು ಚೆನ್ನಾಗಿ ಕಂಡಿತು. ಹೊಳೆ ದಂಡೆಗೆ 1 ಗಂಟೆ 15 ನಿಮಿಷ, ಉದ್ದಕ್ಕೂ ಗುಂಯ್ ಎನ್ನುವ ಸದ್ದು ಬೇರೆ. ಆದರೆ ಇಳಿಜಾರಿನಲ್ಲಿ ಇದನ್ನು ಮೀರಿಸಿದ್ದಿಲ್ಲ. 40 ಹಾಕಿದಾಗ 41 ನಿಮಿಷ ಹಿಡಿದ ದಾರಿ 33 ನಿಮಿಷಕ್ಕೆ ಮುಗಿಯಿತು, ಅದೂ ಮೈಗೆ ಆಯಾಸವಿಲ್ಲದೆ. ಬಿಡಿ ಕಲ್ಲಿನಲ್ಲಿ ಮುಂದಿನ ಚಕ್ರ ಹಿಡಿದ ದಾರಿ ಬಿಡುವುದೇ ಇಲ್ಲ.

ಇಡೀ 64 ಕಿ.ಮೀ. ಕೂಡಿಸಿದರೆ ಮೂರಕ್ಕೂ ಇರುವ ವ್ಯತ್ಯಾಸ ಆರು ನಿಮಿಷದೊಳಗೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆಯುತ್ತದೆ. ಹಾಗಾಗಿ ಗಡಿಯಾರ ನೋಡಿ ಟೈರ್ ಆರಿಸುವುದನ್ನು ನಾನು ಬಿಟ್ಟೆ. ಆರಿಸಿದ್ದು ಕೆಸರು ನೋಡಿ.

50ನ್ನು ಹಾಕಿದಾಗ ನನ್ನ ಫ್ರೇಮಿನ ಹಿಂಭಾಗದಲ್ಲಿ ಎರಡೂ ಕಡೆ ನಾಲ್ಕು ಮಿ.ಮೀ. ಜಾಗ ಉಳಿಯುತ್ತಿತ್ತು. ಒಣ ದಿನಗಳಲ್ಲಿ ಸಾಕು. ಮಳೆ ನಿಂತ ಮರುದಿನ ಹೋದಾಗ ಜೇಡಿಮಣ್ಣು, ತರಗೆಲೆ, ಮರದ ಚಕ್ಕೆ ಎಲ್ಲಾ ಬಟನ್‌ಗಳ ನಡುವೆ ಸೇರಿ ಫ್ರೇಮಿಗೆ ಮೆತ್ತಿಕೊಂಡು ಚಕ್ರವೇ ನಿಂತಿತು. ಕಡ್ಡಿಯಿಂದ ಕೆದಕಿ ತೆಗೆದೆ, ನೂರು ಹೆಜ್ಜೆಗೆ ಮತ್ತೆ ನಿಂತಿತು. ತೊಳೆದ ಮೇಲೆ ನೋಡಿದರೆ ಫ್ರೇಮಿನ ಬಣ್ಣ ಉಜ್ಜಿ ಹೋಗಿತ್ತು. ಈಗ ಕನಿಷ್ಠ ಆರು ಮಿ.ಮೀ. ಬಿಡುತ್ತೇನೆ. ಟೈರ್ ಮೇಲೆ ಬರೆದ ಅಗಲವನ್ನು ನಂಬಬೇಡಿ. ರಿಮ್ ಅಗಲವಿದ್ದರೆ ಟೈರೂ ಒಂದೆರಡು ಮಿ.ಮೀ. ಹಿಗ್ಗುತ್ತದೆ, ಗಾಳಿ ತುಂಬಿ ಅಳೆಯಿರಿ.

ಫ್ರೇಮಿನ ಬಣ್ಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಆ ಟೈರ್ ತೊಳೆಯಲು ಬ್ರಷ್ ಹಿಡಿದು ಇಪ್ಪತ್ತು ನಿಮಿಷ ಬೇಕಾಯಿತು. ನುಣುಪು ಟೈರಿಗೆ ಐದು ಸಾಕು. ಒಂದೊಂದು ಬಟನ್ ಸಂದಿಯಿಂದಲೂ ಬೀಜ, ಬೇರಿನ ಚೂರು, ಒದ್ದೆ ಮಣ್ಣು ಬರುತ್ತಿತ್ತು. ಒಂದು ಕಣಿವೆಯ ಮಣ್ಣನ್ನು ಇನ್ನೊಂದು ಕಣಿವೆಗೆ ನಾವೇ ಹೊತ್ತುಕೊಂಡು ಹೋಗುತ್ತಿದ್ದೇವಲ್ಲ ಎಂದು ಆಗ ಹೊಳೆಯಿತು. ಇದು ಸಣ್ಣ ವಿಷಯವಲ್ಲ. ನ್ಯೂಜಿಲೆಂಡ್‌ನ ಕೌರಿ ಮರಗಳನ್ನು, ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಕಾಡುಗಳನ್ನು ಒಣಗಿಸುತ್ತಿರುವ ಫೈಟಾಫ್ತೊರಾ ಎಂಬ ರೋಗಾಣುಗಳು ಮಣ್ಣಿನಲ್ಲೇ ಬದುಕಿ ಬೇರನ್ನು ಕೊಳೆಸುತ್ತವೆ. ಬೂಟು, ಟೈರುಗಳಿಗೆ ಮೆತ್ತಿದ ಕೆಸರಿನಲ್ಲೇ ಅವು ಹೊಸ ಜಾಗಕ್ಕೆ ಹೋಗುತ್ತವೆ. ಕೌರಿ ಕಾಡಿನ ದಾರಿಗಳ ಬಾಯಲ್ಲಿ ತೊಳೆದುಕೊಂಡು ಒಳಗೆ ಹೋಗಲು ಬ್ರಷ್, ಔಷಧಿ ನೀರು ಇಟ್ಟಿರುವುದು ಅದಕ್ಕೇ. ನೂರಾರು ವರ್ಷದ ಮರ, ಒಂದು ಹಿಡಿ ಕೆಸರು. ನಾನಂತೂ ಈಗ ಮನೆಗೆ ಬಂದ ತಕ್ಷಣವೇ ತೊಳೆಯುತ್ತೇನೆ, ಒಣಗಿಸದೆ ಬೇರೆ ಕಾಡಿಗೆ ಆ ಸೈಕಲ್ ಒಯ್ಯುವುದಿಲ್ಲ.

ಹಸಿ ನೆಲದಲ್ಲಿ ಬಟನ್ ಟೈರ್ ಹಿಡಿತ ಕೊಡುತ್ತದೆ ಎಂದು ಹೊರಡುವುದೂ ತಪ್ಪು. ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದರೆ ಅದು ಮೆತ್ತನೆ ನೆಲದಲ್ಲಿ ಉದ್ದಕ್ಕೆ ಗೀರು ಎಳೆಯುತ್ತದೆ. ಮುಂದಿನ ಮಳೆಯಲ್ಲಿ ನೀರು ಅದೇ ಜಾಡು ಹಿಡಿದು ಇಳಿಯುತ್ತದೆ. ಗೀರು ಕಾಲುವೆಯಾಗುತ್ತದೆ, ಮಣ್ಣು ಹೊಳೆ ಸೇರುತ್ತದೆ. ಒದ್ದೆ ಇದ್ದ ದಿನ ನಾನು ಹೊಳೆ ದಂಡೆಯ ಗಟ್ಟಿ ದಾರಿಯಲ್ಲಷ್ಟೇ ಹೋಗಿ ಬರುತ್ತೇನೆ. ಇನ್ನೊಂದು ಮಾತು: ಸಂರಕ್ಷಿತ ಕಾಡು ಎಂದ ಮಾತ್ರಕ್ಕೆ ಎಲ್ಲಾ ಕಡೆ ಒಂದೇ ನಿಯಮ ಇರುವುದಿಲ್ಲ. ಅಮೆರಿಕದ 1964ರ ವೈಲ್ಡರ್ನೆಸ್ ಕಾಯ್ದೆ ಯಾಂತ್ರಿಕ ಸಾರಿಗೆಯನ್ನೇ ನಿಷೇಧಿಸುತ್ತದೆ, ಆ ಪ್ರದೇಶಗಳಲ್ಲಿ ಸೈಕಲ್‌ಗೂ ಜಾಗವಿಲ್ಲ. ಪಕ್ಕದ ಅರಣ್ಯದ ರಸ್ತೆಯಲ್ಲಿ ಬಿಡಬಹುದು. ಗೇಟಿನ ಬೋರ್ಡ್ ಓದಿ ಒಳಗೆ ಹೋಗಿ.

ನಿಮ್ಮ ದಾರಿ ಹೆಚ್ಚಾಗಿ ಕಣಿವೆಯ ಗಟ್ಟಿ ಮಣ್ಣೇ ಆಗಿದ್ದರೆ 40 ಇಟ್ಟುಕೊಳ್ಳಿ, ಪಕ್ಕೆ ಗಟ್ಟಿ ಇರುವುದನ್ನು ಮಾತ್ರ ತಗೊಳ್ಳಿ. ಇಳಿಜಾರೆಂದರೆ ಭಯ ಇರುವವರಿಗೆ, ಒಣ ಕಾಲದಲ್ಲಿ, 50ರ ಬಟನ್ ಟೈರನ್ನು ಮುಂದಿನ ಚಕ್ರಕ್ಕೆ ಮಾತ್ರ ಹಾಕಿ ಎನ್ನುತ್ತೇನೆ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬೀಳುವುದೇ. ಹಾಗೆ ಮುಂದೆ 50, ಹಿಂದೆ 40 ಹಾಕಿ ಎರಡು ಸಲ ಹೋಗಿ ಬಂದೆ, ಹಿಡಿಸಿತು. ಆದರೂ ನನ್ನ ಸೈಕಲ್‌ನಲ್ಲಿ ಉಳಿದದ್ದು 650ಬಿಯ 47. ಹತ್ತುವಾಗ ಹಗುರ, ಇಳಿಯುವಾಗ ಧೈರ್ಯ, ತೊಳೆಯಲು ಐದೇ ನಿಮಿಷ. ಪೆಡಲ್ ಬಡಿಯುವುದಕ್ಕೆ 170 ಮಿ.ಮೀ. ಕ್ರ್ಯಾಂಕ್ (ಪೆಡಲ್ ಕೂರುವ ಕೋಲು) ತೆಗೆದು 165 ಹಾಕಿದೆ. ಸಿಕ್ಕಿದ್ದು ಐದು ಮಿ.ಮೀ. ಅಷ್ಟೇ. ಜೊತೆಗೆ ಆ ಬೇರಿನ ತಿರುವಿನಲ್ಲಿ ತುಳಿಯುವುದು ನಿಲ್ಲಿಸಿ, ಎಡಗಾಲು ಮೇಲಿಟ್ಟುಕೊಂಡು ಇಳಿಯುತ್ತೇನೆ. ಆಮೇಲೆ ಒಂದು ಸಲವೂ ತಾಗಿಲ್ಲ.