ಪ್ಲಾಂಟ್‌ನೆಟ್ ಆ್ಯಪ್: ಬಾದಾಮಿ ಸೀಮೆಯ ಬೇವು, ಬನ್ನಿ, ಜಾಲಿಗೆ ಎಷ್ಟು ಉಪಯೋಗ?

ಎಲೆಯ ಫೋಟೊ ನೋಡಿ ಗಿಡದ ಹೆಸರು ಹೇಳುವ ಪ್ಲಾಂಟ್‌ನೆಟ್ ಆ್ಯಪನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬಾದಾಮಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿನ ಸುತ್ತಲಿನ ಗಿಡಗಳ ವಹಿಯೊಂದನ್ನು ಮಕ್ಕಳ ಜೊತೆ ಬರೆಯುತ್ತಿದ್ದೇವೆ. ಅದಕ್ಕಾಗಿಯೇ ಇದು ಬೇಕಾಯಿತು. ಅಗಲ ಎಲೆಯ ಗಿಡಗಳಿಗೆ ಇದು ಬಹಳ ಒಳ್ಳೆಯ ಆ್ಯಪ್. ಮುಳ್ಳುಗಿಡಗಳಿಗೆ ಮಾತ್ರ ಎಲೆಯೊಂದೇ ಸಾಲದು. ನಮ್ಮ ಕಡೆ ಇರುವುದೇ ಮುಳ್ಳುಗಿಡ ಜಾಸ್ತಿ, ಅಲ್ವಾ?

ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ 2009ರಲ್ಲಿ ಈ ಕೆಲಸ ಶುರು ಮಾಡಿದವು. 2013ರಲ್ಲಿ ಮೊಬೈಲಿಗೆ ಬಂತು. ಪೂರ್ತಿ ಉಚಿತ. ಇದಕ್ಕೂ ಮೊದಲು ಬೇರೊಂದು ಆ್ಯಪ್ ಹಾಕಿಕೊಂಡಿದ್ದೆ. ಮೊದಲು ಉಚಿತ ಅಂದು, ಟ್ರಯಲ್ ಮುಗಿದ ಕೂಡಲೇ ಖಾತೆಯಿಂದ ದುಡ್ಡು ತೆಗೆಯಿತು. ಶಾಲೆಯ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಅದು.

2011ರಲ್ಲಿ ಅಮೆರಿಕದಲ್ಲಿ ಲೀಫ್‌ಸ್ನ್ಯಾಪ್ ಎಂಬ ಆ್ಯಪ್ ಬಂದಿತ್ತು. ಬಿಳಿ ಹಾಳೆಯ ಮೇಲೆ ಎಲೆ ಇಟ್ಟು ಫೋಟೊ ತೆಗೆಯಬೇಕಿತ್ತು. ಕಂಪ್ಯೂಟರ್ ಎಲೆಯ ಅಂಚನ್ನು ಗುರುತಿಸಿ, ಆ ಅಂಚು ಎಲ್ಲೆಲ್ಲಿ ಹೇಗೆ ಬಾಗಿದೆ ಎಂದು ಅಳೆದು, ತನ್ನಲ್ಲಿದ್ದ ಎಲೆಗಳ ಜೊತೆ ಹೋಲಿಸುತ್ತಿತ್ತು. ಈಗಿನ ಆ್ಯಪ್‌ಗಳ ದಾರಿ ಬೇರೆ. ಹೆಸರು ಬರೆದಿಟ್ಟ ಲಕ್ಷಾಂತರ ಚಿತ್ರಗಳನ್ನು ನೋಡಿ ನೋಡಿ, ಯಾವ ಗುರುತು ಮುಖ್ಯ ಎಂಬುದನ್ನು ಕಂಪ್ಯೂಟರೇ ಕಲಿಯುತ್ತದೆ. ಅಂಚು, ನರ, ಬಣ್ಣ, ಮೇಲ್ಮೈ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊನೆಗೆ ಹೋಲುವ ಗಿಡಗಳ ಹೆಸರುಗಳನ್ನು ಅಂಕದ ಸಮೇತ ಸಾಲಾಗಿ ತೋರಿಸುತ್ತದೆ. ಆ ಅಂಕ ಬರೀ ಹೋಲಿಕೆಯದ್ದು. ಇದೇ ಗಿಡ ಎಂಬ ಖಾತ್ರಿ ಅಲ್ಲ. ಮೊದಲ ಹೆಸರು ನೋಡಿ ಫೋನ್ ಜೇಬಿಗೆ ಹಾಕಬೇಡಿ. ಕೆಳಗಿನ ಹೆಸರುಗಳನ್ನೂ ತೆರೆದು, ಚಿತ್ರಗಳನ್ನು ಕೈಯಲ್ಲಿರುವ ಟೊಂಗೆಯ ಪಕ್ಕ ಹಿಡಿದು ನೋಡಿ.

ಮಹಾಕೂಟದ ಕಡೆ ಹೋದರೆ ಆಲ, ಅರಳಿಯನ್ನು ತಕ್ಷಣ ಹೇಳುತ್ತದೆ. ಅರಳಿ ಎಲೆಯ ಉದ್ದ ಬಾಲವೇ ಸಾಕು. ಎಕ್ಕೆ, ಲಕ್ಕಿ, ಉಮ್ಮತ್ತಿಗೂ ತೊಂದರೆಯಿಲ್ಲ.

ಬೇವಿಗೆ ಬಂದಾಗ ನಿಧಾನ ಬೇಕು. ಮಕ್ಕಳು 'ಬೇವಿನ ಎಲೆ' ಅಂತ ಕಿತ್ತು ತರುವುದು ನಿಜವಾಗಿ ಎಲೆಯ ಒಂದು ಭಾಗ ಅಷ್ಟೇ. ಇಡೀ ಕಡ್ಡಿ ಸೇರಿ ಒಂದು ಎಲೆ. ಎಲೆ ಎಲ್ಲಿ ಶುರುವಾಗುತ್ತದೆ ಅಂತ ತಿಳಿಯಲು ಬುಡದಲ್ಲಿ ಮೊಗ್ಗು ಹುಡುಕಬೇಕು. ಪೂರ್ತಿ ಎಲೆಯ ಬುಡದಲ್ಲಿ ಮೊಗ್ಗು ಇರುತ್ತದೆ, ಬಿಡಿ ತುಂಡಿನ ಬುಡದಲ್ಲಿ ಇರುವುದಿಲ್ಲ. ಇದು ಸಣ್ಣ ಮಾತಲ್ಲ. ಈಗ ಎಷ್ಟೋ ರೈತರು ಹೆಬ್ಬೇವು ಹಾಕಿದ್ದಾರೆ. ಬೇವಿನ ಎಲೆ ಒಂದೇ ಸಲ ಕವಲೊಡೆಯುತ್ತದೆ, ಹೆಬ್ಬೇವಿನದು ಕವಲಿನೊಳಗೆ ಮತ್ತೆ ಕವಲು. ಬಿಡಿ ತುಂಡಿನ ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕಾಣದ್ದನ್ನು ಯಾವ ಆ್ಯಪ್ ತಾನೇ ಹೇಳೀತು?

ಬನ್ನಿ, ಬಳ್ಳಾರಿ ಜಾಲಿ, ಕರಿಜಾಲಿ ಇನ್ನೂ ಕಷ್ಟ. ಮೂರಕ್ಕೂ ಸಣ್ಣ ಸಣ್ಣ ಎಲೆದಳ. ಎಲೆಯಷ್ಟೇ ಕೊಟ್ಟರೆ ಮೂರೂ ಹೆಸರು ಹತ್ತಿರ ಹತ್ತಿರದ ಅಂಕದಲ್ಲಿ ಬಂದು ನಿಲ್ಲುವುದುಂಟು. ಇದನ್ನು ಆ್ಯಪಿನ ತಪ್ಪು ಅಂತ ನಾನು ಹೇಳುವುದಿಲ್ಲ. ಇಂಥ ಕಡೆ ಹೂವಿನ ಫೋಟೊವನ್ನೂ ಸೇರಿಸಿ. ಕರಿಜಾಲಿಯ ಹೂವು ಹಳದಿ ಗುಂಡು. ಉಳಿದೆರಡರ ಹೂವು ಉದ್ದನೆಯ ತೆನೆ. ಕರಿಜಾಲಿಯ ಕಾಯಿ ಮಣಿ ಪೋಣಿಸಿದ ಸರದ ಹಾಗಿರುತ್ತದೆ. ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಬೇರೆ ಮಾಡಲು ಮುಳ್ಳು ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿರುತ್ತದೆ. ಬನ್ನಿಯದು ಗಿಡ್ಡ, ಬುಡ ದಪ್ಪ, ಗೆಣ್ಣುಗಳ ನಡುವೆ ಚದುರಿರುತ್ತದೆ. ಎಲೆ, ಹೂವು, ಕಾಯಿ, ತೊಗಟೆ ಅಂತ ಗುರುತು ಮಾಡಿ ಫೋಟೊ ಹಾಕುವ ಸೌಲಭ್ಯ ಇದೆ. ಮುಳ್ಳಿಗೂ ಅಂಥದೊಂದು ಬಂದರೆ ನಮ್ಮ ಬಯಲುಸೀಮೆಗೆ ದೊಡ್ಡ ಉಪಕಾರ.

ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮಧ್ಯಾಹ್ನದ ಬಿಸಿಲಿಗೆ ಎಲೆ ಹೊಳೆದು ನರಗಳೇ ಕಾಣುವುದಿಲ್ಲ. ಎಲೆಯ ಹಿಂಬದಿಯನ್ನೂ ತೆಗೆಯಿರಿ. ಗುಡ್ಡದ ಮೇಲೆ ನೆಟ್‌ವರ್ಕ್ ಸಿಗದಿದ್ದರೆ ಸುಮ್ನೆ ಫೋಟೊ ಇಟ್ಟುಕೊಂಡು ಮನೆಗೆ ಬಂದು ಹಾಕಿದರೂ ನಡೆಯುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಆ್ಯಪ್ ಹೇಳಿತು ಅಂತ ಯಾವ ಎಲೆಯನ್ನೂ, ಕಾಯಿಯನ್ನೂ ಬಾಯಿಗೆ ಹಾಕಬಾರದು. ಗುಲಗಂಜಿಯ ಎಲೆ ನೋಡಲು ಹುಣಸೆ ಎಲೆಯ ಹಾಗೇ ಇದೆ. ಅದರ ಬೀಜದಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ.

ಉತ್ತರ ಲ್ಯಾಟಿನ್ ಹೆಸರಿನಲ್ಲಿ ಬರುತ್ತದೆ. ಅದರ ಮುಂದೆ ಊರಿನ ಹೆಸರು ಬರೆಯಲು ಮಕ್ಕಳು ಅಜ್ಜ, ಅಜ್ಜಿಯನ್ನು, ಕುರಿ ಕಾಯುವವರನ್ನು ಕೇಳಿ ಬರುತ್ತಾರೆ. ನಮ್ಮ ವಹಿಯಲ್ಲಿ ನನಗೆ ಅತಿ ಪ್ರೀತಿಯ ಕಾಲಂ ಅದೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬಳಸುವವರು ಹಾಕಿದ ಚಿತ್ರಗಳನ್ನು ಉಳಿದವರು ಪರಿಶೀಲಿಸುತ್ತಾರೆ. ಹಾಗೆ ಒಪ್ಪಿಗೆಯಾದ ಚಿತ್ರಗಳಿಂದ ಆ್ಯಪ್ ಮತ್ತೆ ಕಲಿಯುತ್ತದೆ. ಬಾಗಲಕೋಟೆ, ವಿಜಯಪುರ ಕಡೆಯವರು ಇದ್ದರೆ ಬನ್ನಿ, ಜಾಲಿಗಳ ಚಿತ್ರವನ್ನು ಹೂವು, ಕಾಯಿ, ಮುಳ್ಳಿನ ಸಮೇತ ಹಾಕಿ.